ಇಳಿಬಿದ್ದ ಕೈ

ಅಥವಾ ಮೊದಲು ಬಿದ್ದದ್ದು ನೀರಿನ ಲೋಟವೇ ಇರಬೇಕು. ಇಷ್ಟು ವರ್ಷ ನಾನು ಹೇಳಿಕೊಂಡು ಬಂದಿರುವುದು ಅರಕಲಗೂಡಿನ ಪರದೆಯ ಕತೆ. ನಾಟಕದವರಿಗೆ ಅರಮನೆಯ ಸೀನು ಬರೆಯುತ್ತ ಏಣಿಯ ಮೇಲೆ ನಿಂತಿದ್ದೆ. ಕಂಬದ ಅಂಚಿಗೆ ಬಿಳಿ ಗೆರೆ ಎಳೆಯುತ್ತಿದ್ದಾಗ ಬಲಗೈ ಮಣಿಕಟ್ಟಿನಲ್ಲಿ ಮುರಿದ ಹಾಗೆ ಬಾಗಿತು. ಕುಂಚ ಜಾರಿ, ಅರಮನೆಯ ಕಂಬದಿಂದ ಪರದೆಯ ಬುಡದವರೆಗೂ ಒಂದು ಬಿಳಿ ಗೀರು ಇಳಿಯಿತು. ಕೇಳಿದವರು ಅಯ್ಯೋ ಅನ್ನುತ್ತಾರೆ. ನನಗೂ ಈ ಕತೆ ಇಷ್ಟ. ಆದರೆ ನನ್ನ ಹೆಂಡತಿ ಗೌರ ಅಲ್ಲೇ ಕೂತಿದ್ದರೆ ಬಿಡುವುದಿಲ್ಲ. "ಪರದೆ ಆಮೇಲೆ. ಅದುಕ್ಕೆ ಮುಂಚೇನೇ ಕೈಲಿದ್ದ ಲೋಟ ಬೀಳುಸ್ತಿದ್ರಿ. ಮೂರು ದಿನ ನೆಲ ಒರ್ಸಿದ್ದು ನಾನು" ಅನ್ನುತ್ತಾಳೆ. ನೆಲ ಒರೆಸಿದವಳ ಮಾತನ್ನು ಅಲ್ಲಗಳೆಯುವುದು ಹೇಗೆ?

ಬರೆಯಲು ಕೂತ ಮೊದಲ ಸಾಲಿನಲ್ಲೇ ಹೀಗಾಯಿತು. ನೆನಪಿಗೆ ಏಣಿ ಬೇಕು, ಅರಮನೆ ಬೇಕು; ಲೋಟ ಬೇಡ. ಅದಕ್ಕೇ ಎಲ್ಲಿ ಗೌರಳ ನೆನಪು ನನ್ನದಕ್ಕಿಂತ ಬೇರೆಯೋ ಅಲ್ಲಿ ಅವಳದನ್ನೂ ಹಾಕುತ್ತೇನೆ. ಯಾರಿಗಾದರೂ ಹೀಗೇ ಕೈ ಬಿದ್ದು, ಯಾವುದೋ ಆಸ್ಪತ್ರೆಯ ಜಗುಲಿಯಲ್ಲಿ ಕಾಯುತ್ತ ಇದನ್ನು ಓದುವಂತಾದರೆ, ಚೆಂದ ಮಾಡಿದ ಕತೆಯಿಂದ ಅವರಿಗೆ ಏನೂ ಉಪಯೋಗವಿಲ್ಲ.

ನೋವಿರಲಿಲ್ಲ. ಅದೇ ಹೆದರಿಕೆಯಾಗಿತ್ತು. ಮುಷ್ಟಿ ಹಿಡಿಯಬಹುದಿತ್ತು, ಬಿಡಿಸಲು ಆಗುತ್ತಿರಲಿಲ್ಲ. ತೋಳು ಮುಂದಕ್ಕೆ ಚಾಚಿದರೆ ಮಣಿಕಟ್ಟಿನಿಂದ ಆಚೆಗೆ ಕೈ, ಹಗ್ಗದ ಮೇಲೆ ಒಣಹಾಕಿದ ಅಂಗಿಯ ತೋಳಿನ ಹಾಗೆ ಇಳಿಬಿದ್ದಿರುತ್ತಿತ್ತು. ಎಡಗೈಯಿಂದ ಎತ್ತಿ ಹಿಡಿದರೆ ನಿಲ್ಲುತ್ತಿತ್ತು, ಬಿಟ್ಟರೆ ಬೀಳುತ್ತಿತ್ತು. ದಿನಕ್ಕೆ ನೂರು ಸಲ ಎತ್ತಿ ಬಿಟ್ಟು ನೋಡುತ್ತಿದ್ದೆ. ಆಗ ನನಗೆ ಇಪ್ಪತ್ತೇಳು. ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ.

ನಮ್ಮದು ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರದ ಮನೆ. ಆ ಮನೆಯಲ್ಲಿ ಬಣ್ಣಕ್ಕೆ ಬಿದ್ದವನು ನಾನೊಬ್ಬನೇ. ಅಂಗಡಿಯ ಬೋರ್ಡು, ದೇವರ ಪಟ, ಸತ್ತ ಯಜಮಾನರ ಭಾವಚಿತ್ರ, ನಾಟಕದ ಪರದೆ, ಯಾರು ಏನು ಕೇಳಿದರೆ ಅದನ್ನು ಬರೆಯುತ್ತಿದ್ದೆ. ಹಾಸನ, ಹೊಳೆನರಸೀಪುರ, ಅರಕಲಗೂಡಿನ ಪೇಟೆ ಬೀದಿಗಳಲ್ಲಿ ನನ್ನ ಅಕ್ಷರವಿಲ್ಲದ ಸಾಲು ಕಡಿಮೆ ಎಂಬ ಹೆಮ್ಮೆಯಿತ್ತು. ನಿಜ ಹೇಳಬೇಕೆಂದರೆ ಅಕ್ಷರವೂ ನನ್ನದಲ್ಲ, ಹೊಳೆನರಸೀಪುರದ ಪುಟ್ಟಾಚಾರ್ರದು. ನನಗೆ ಕೆಲಸ ಕಲಿಸಿದವರು ಅವರು.

ಆಚಾರ್ರ ಮನೆಯಲ್ಲಿ ಸಫೇದವನ್ನು, ಅಂದರೆ ಬಿಳಿ ಬಣ್ಣದ ಪುಡಿಯನ್ನು, ಕಲ್ಲಿನ ಮೇಲೆ ಅಗಸೆ ಎಣ್ಣೆ ಹಾಕಿ ಅರೆಯುತ್ತಿದ್ದೆವು. ಸಾಕಷ್ಟು ನುಣ್ಣಗಾಯಿತೋ ಇಲ್ಲವೋ ನೋಡಲು ಬೆರಳಿಂದ ಸಾಲದು ಎನ್ನುವುದು ಅವರ ಮತ. ಒಂದು ಚಿಟಿಕೆ ಮುಂದಿನ ಹಲ್ಲಿನ ನಡುವೆ ಇಟ್ಟು ಕಡಿಯಬೇಕು. "ಬೆಳ್ಳು ಸುಳ್ಳು ಯೋಳ್ತದೆ ಕಣ್ಲಾ, ಅಲ್ಲು ಯೋಳಕ್ಕಿಲ್ಲ" ಅನ್ನುತ್ತಿದ್ದರು. ಕರಕರ ಅಂದರೆ ಇನ್ನೂ ಅರೆ. ಕುಂಚವೂ ಹಾಗೆಯೇ. ತೊಳೆದು, ಒರೆಸಿ, ಬಾಯಿಗೆ ಹಾಕಿ, ತುಟಿಯಿಂದ ಎಳೆದು, ನಾಲಿಗೆಯಿಂದ ತುದಿ ಕೂರಿಸಬೇಕು. ಹೀಗೆ ಕೂರಿಸಿದ ತುದಿಯಿಂದ ಎಳೆದ ಗೆರೆಯೇ ಬೇರೆ. ಅದು ಈಗಲೂ ಸತ್ಯ. ಸಫೇದಕ್ಕೆ ಸಣ್ಣಗೆ ಒಂದು ಸಿಹಿ ಇತ್ತು. ಈ ಸಿಹಿ ನನ್ನ ನಾಲಿಗೆಯದೇ ನೆನಪೋ, ಆಮೇಲೆ ಡಾಕ್ಟರು ಹೇಳಿ ಬಂದದ್ದೋ, ಎಷ್ಟು ಯೋಚಿಸಿದರೂ ಬಗೆಹರಿದಿಲ್ಲ.

ಕೈ ಬೀಳುವ ಮುಂಚೆ ಒಂದು ವರ್ಷದಿಂದ ಹೊಟ್ಟೆ ನುಲಿಯುತ್ತಿತ್ತು. ಮುಖ ಬಿಳಿಚಿತ್ತು. ಸಣ್ಣ ಮಾತಿಗೂ ರೇಗುತ್ತಿದ್ದೆ. ತಟ್ಟೆ ಎಸೆದದ್ದೂ ಉಂಟು. ಅವ್ವನಿಗೆ ಕಾರಣ ಸಿಕ್ಕಿತ್ತು. ದೇವಿಯ ಪಟವೊಂದಕ್ಕೆ ನಾನು ಮೊದಲೇ ಕಣ್ಣು ಬರೆದಿದ್ದೆ. ದೇವರಿಗೆ ಕಣ್ಣು ಕಟ್ಟಕಡೆಗೆ, ಸ್ನಾನ ಮಾಡಿ, ಹಸಿದ ಹೊಟ್ಟೆಯಲ್ಲಿ ಬರೆಯಬೇಕು. ನನಗೆ ಆಗ ಎಲ್ಲ ಪದ್ಧತಿಯನ್ನೂ ತಲೆಕೆಳಗು ಮಾಡಿ ನೋಡುವ ಚಟ. ಕಣ್ಣಿನಿಂದ ಶುರು ಮಾಡಿದರೆ ಮುಖ ಹೇಗೆ ಬರುತ್ತದೆ ನೋಡೋಣ ಎಂದು ರೊಟ್ಟಿ ತಿಂದು ಎದ್ದವನೇ ಬರೆದುಬಿಟ್ಟೆ.

"ರೊಟ್ಟಿ ತಿಂದ್ ಕೈಲಿ ಆ ತಾಯ್ಗೆ ಕಣ್ ತೆರುಸ್ದಲ್ಲೋ ಪಾಪಿ" ಎಂದು ಅವ್ವ ಅತ್ತಳು. "ಅವ್ಳು ಕಣ್ಬುಟ್ಟು ಮೊದ್ಲು ನೋಡಿದ್ದೇ ನಿನ್ ಕೈಯ. ಬುಡ್ತಾಳಾ?"

ಹರಕೆ, ತಾಯಿತ, ಎಣ್ಣೆ ನೀವುವುದು ಇವುಗಳಲ್ಲಿ ಒಂದೂವರೆ ತಿಂಗಳು ಹೋಯಿತು. ಪೇಟೆಯಲ್ಲಿ ನಾನು ಬರುವುದು ಕಂಡರೆ ಅಂಗಡಿಯವರು ಬೋರ್ಡಿನ ಮಾತು ಎತ್ತುತ್ತಿರಲಿಲ್ಲ. ಬೈದಿದ್ದರೆ ಸಹಿಸುತ್ತಿದ್ದೆ, ಕೈ ನೋಡದ ಹಾಗೆ ನಟಿಸುತ್ತಿದ್ದರು, ಅದು ಕಷ್ಟವಾಗಿತ್ತು. ಕೊನೆಗೆ ಗೌರ ಒಂದು ಬೆಳಿಗ್ಗೆ ಬುತ್ತಿ ಕಟ್ಟಿ ಬಾಗಿಲಲ್ಲಿ ನಿಂತಳು. "ನೀವ್ ಬರ್ದಿದ್ರೂ ನಾನ್ ಆಸನಕ್ ಓಯ್ತೀನಿ. ನನ್ ಗಂಡನ್ಗೆ ಇಂಗಾಗೈತೆ ಅಂತ ಡಾಕ್ಟ್ರಿಗೆ ಕೈ ಮಾಡಿ ತೋರುಸ್ತೀನಿ" ಎಂದು ತನ್ನ ಕೈಯನ್ನು ಮಣಿಕಟ್ಟಿನಿಂದ ಇಳಿಬಿಟ್ಟು ತೋರಿಸಿದಳು. ನನ್ನ ಕೈಯನ್ನು ನಾನು ಹೊರಗಿನಿಂದ ಮೊದಲು ನೋಡಿದ್ದು ಆಗ. ಬಸ್ಸು ಹತ್ತಿದೆ.

ಹಾಸನದ ಆಸ್ಪತ್ರೆಯ ಜಗುಲಿಯಲ್ಲಿ ಉದ್ದನೆಯ ಎರಡು ಬೆಂಚು. ಬೆಳಿಗ್ಗೆ ಹೋದವರಿಗೆ ಬೆಂಚು, ಆಮೇಲೆ ಬಂದವರಿಗೆ ನೆಲ. ಅಲ್ಲಿ ಎಷ್ಟು ದಿನ ಕೂತೆನೋ ಲೆಕ್ಕವಿಲ್ಲ. ಎಲ್ಲ ದಿನಗಳೂ ಒಂದೇ ದಿನವಾಗಿ ಅಂಟಿಕೊಂಡಿವೆ. ಹಳೇಕೋಟೆಯಿಂದ ಗಾಡಿ ಕಟ್ಟಿಸಿಕೊಂಡು ಬಂದ ಒಬ್ಬಾಕೆ ಜ್ವರದ ಮಗುವಿನ ಹಣೆಗೆ ತನ್ನ ಕೆನ್ನೆ ಒತ್ತಿ ಒತ್ತಿ ನೋಡುತ್ತಿದ್ದಳು. ಯಾರಾದರೂ ಒಳಗಿನಿಂದ ಹೊರಬಂದರೆ ಎಲ್ಲರೂ ಅವರ ಮುಖ ನೋಡುತ್ತಿದ್ದೆವು, ತಕ್ಷಣ ನೆಲ ನೋಡುತ್ತಿದ್ದೆವು. ನನ್ನ ಪಕ್ಕ ಬಾಗೂರಿನ ಒಬ್ಬ ಮುದುಕರು, ಕಾಲಿನ ಹುಣ್ಣಿಗೆ ಕಟ್ಟು ಕಟ್ಟಿಸಲು ಬರುತ್ತಿದ್ದವರು, ನನ್ನ ಕೈಯನ್ನು ಬಹಳ ಹೊತ್ತು ನೋಡಿದರು.

"ಏನ್ ಸಾ, ಕೈ ನೆಂಟ್ರ ಮನೇಗ್ ಓಗೈತಾ?"

ಸಿಟ್ಟು ಬಂತು. ಆಮೇಲೆ, ಅಷ್ಟು ದಿನಗಳಲ್ಲಿ ಮೊದಲ ಸಲ, ನಕ್ಕುಬಿಟ್ಟೆ. "ಹೂಂ, ಹೇಳದೆ ಹೋಗಿದೆ" ಅಂದೆ.

"ನನ್ ಕಾಲು ಅಂಗೇಯ. ಮನೇಲೇ ಅದೆ, ಕೆಲ್ಸಕ್ ಮಾತ್ರ ಬರಾಕಿಲ್ಲ. ಅಳಿಯ ಇದ್ದಂಗೆ" ಅಂದರು. ಹೊತ್ತು ಏರಿದಾಗ ತಮ್ಮ ಮಜ್ಜಿಗೆಯ ಚೊಂಬನ್ನು ತೆಗೆದು, ನನ್ನನ್ನು ಕೇಳದೆ, ಬಾಯಿಗೆ ಹಿಡಿದರು. ಗೌರ ಹಿಡಿದಿದ್ದರೆ ನಾಚಿಕೆಯಾಗುತ್ತಿತ್ತು. ಅವರು ಎತ್ತಿಗೆ ನೀರು ಕುಡಿಸುವ ಹಾಗೆ, ಬೇರೆ ಕಡೆ ನೋಡುತ್ತ ಹಿಡಿದರು. ಅದನ್ನು ಹೇಗೆ ಕಲಿತಿದ್ದರೋ.

ಮೊದಲ ಸಲ ಕೈಗೆ ಹಚ್ಚಲು ಮುಲಾಮು ಕೊಟ್ಟು ಕಳಿಸಿದರು. ಎರಡನೆಯ ಸಲವೋ ಮೂರನೆಯ ಸಲವೋ ಒಬ್ಬ ವಯಸ್ಸಾದ ಡಾಕ್ಟರಿದ್ದರು. ಕೈ ಎಷ್ಟು ಕೆಟ್ಟಿದೆ ನೋಡಲು ಮೇಜಿನ ಮೇಲಿದ್ದ ಶಾಯಿ ಪೆನ್ನು ಕೊಟ್ಟು, "ನಿಮ್ಮ ಹೆಸರು ಬರೆಯಿರಿ" ಅಂದರು. ನಾನು ಎಡಗೈಯಿಂದ ಪೆನ್ನನ್ನು ತೆಗೆದುಕೊಂಡು, ಬಲಗೈ ಬೆರಳುಗಳ ಸಂದಿಗೆ ಸಿಕ್ಕಿಸಿ, ಬಗ್ಗಿ, ನಿಬ್ಬನ್ನು ಬಾಯಿಗೆ ಹಾಕಿ ನಾಲಿಗೆಯಿಂದ ಒಂದು ಸಲ ಎಳೆದೆ.

"ಈಗ ಏನು ಮಾಡಿದಿರಿ?"

"ಏನೂ ಇಲ್ಲ ಸಾ. ಬರೀತಿದೀನಿ."

"ಪೆನ್ನು ಬಾಯಿಗೆ ಯಾಕೆ ಇಟ್ಟಿರಿ?"

ನಾನು ಇಟ್ಟದ್ದೇ ನನಗೆ ಗೊತ್ತಿರಲಿಲ್ಲ. ನಾಲಿಗೆಯ ಮೇಲೆ ಶಾಯಿಯಿತ್ತು. ಅವರು ಎದ್ದು ಬಂದು ನನ್ನ ತುಟಿ ಎತ್ತಿದರು. ಎಲೆಅಡಿಕೆಯ ಕರೆ. ಕಾಂಪೌಂಡರಿಂದ ಉಪ್ಪು ತರಿಸಿ, ನನ್ನಿಂದಲೇ ಹಲ್ಲು ತಿಕ್ಕಿಸಿದರು. ಕರೆ ಹೋದ ಮೇಲೆ ಒಸಡಿನ ಅಂಚಿನಲ್ಲಿ, ಸೀಸದ ಕಡ್ಡಿಯಿಂದ ಎಳೆದ ಹಾಗೆ, ನೀಲಿಗಪ್ಪು ಗೆರೆ. ಕನ್ನಡಿ ಹಿಡಿದು ತೋರಿಸಿದರು. ಬಹಳ ತೆಳುವಾದ, ಎಲ್ಲೂ ನಡುಗದ ಗೆರೆ. ನಾನು ಅಷ್ಟು ಚೆನ್ನಾದ ಗೆರೆ ಎಳೆದಿರಲಿಲ್ಲ.

"ಏನು ಕೆಲಸ ನಿಮ್ಮದು?" ಎಂದು ಆಮೇಲೆ ಕೇಳಿದರು.

ಈ ಪೆನ್ನಿನ ಪ್ರಸಂಗವನ್ನೂ ನಾನು ನಂಬುವುದಿಲ್ಲ. ಎಷ್ಟು ಸಲ ಹೇಳಿದ್ದೇನೆ ಎಂದರೆ ಈಗ ಅದು ಡಾಕ್ಟರ ಕುರ್ಚಿಯ ಕಡೆಯಿಂದ ಕಾಣುತ್ತದೆ: ಬಿಳಿಚಿದ ಒಬ್ಬ ಯುವಕ ಬಗ್ಗಿ ನಿಬ್ಬನ್ನು ನೆಕ್ಕುತ್ತಿದ್ದಾನೆ. ನನ್ನನ್ನು ನಾನು ಆ ಕಡೆಯಿಂದ ನೋಡಿದ್ದು ಹೇಗೆ? ಗೌರ ಹೊರಗೆ ಬೆಂಚಿನಲ್ಲಿದ್ದಳು. "ನಿಮ್ ನಾಲ್ಗೆ ನೀಲಿಯಾಗಿತ್ತು, ಅದು ಕಂಡಿವ್ನಿ" ಅನ್ನುತ್ತಾಳೆ. ಅಷ್ಟು ಸಾಕ್ಷಿ ಇದೆ.

ಸಫೇದದಲ್ಲಿ ಇರುವುದು ಸೀಸ, ಅದು ವಿಷ; ಆ ಬಿಳಿ ಬಣ್ಣ ಬಾಯಿಗೆ ಹೋಗಕೂಡದು, ಕೈಯಿಂದಲೂ ಮುಟ್ಟಕೂಡದು. ಕಹಿ ಔಷಧಿಯ ಸೀಸೆ. ಹಾಲು. ಕೈ ಇಳಿಬೀಳದ ಹಾಗೆ ಮಣಿಕಟ್ಟಿನ ಕೆಳಗೆ ಮರದ ಪಟ್ಟಿ ಇಟ್ಟು ಬಟ್ಟೆ ಸುತ್ತುವುದು. ಇಷ್ಟು ಅವರು ಹೇಳಿದ್ದು.

"ಕೈ ಏಳ್ತದಾ ಸಾ?"

"ಏಳಬಹುದು. ಏಳದೆ ಇರಲೂಬಹುದು. ಆರು ತಿಂಗಳು ನೋಡೋಣ."

ಬರೆಯುವವನ ಬಲಗೈಯ ವಿಷಯವನ್ನು ಅವರು ಹಾಗೆ, ಮಳೆ ಬರಬಹುದು ಬಾರದಿರಬಹುದು ಅನ್ನುವ ಹಾಗೆ ಹೇಳಿದರಲ್ಲ ಎಂದು ಬಸ್ಸಿನುದ್ದಕ್ಕೂ ಕುದಿಯುತ್ತಿದ್ದೆ. ಈಗ ಅನ್ನಿಸುತ್ತದೆ, ನನಗೆ ಸಿಕ್ಕ ಮಾತುಗಳಲ್ಲಿ ಸುಳ್ಳಿಲ್ಲದ ಮಾತು ಅದೊಂದೇ.

ಮನೆಯಲ್ಲಿ ಅವ್ವ ಒಪ್ಪಲಿಲ್ಲ. "ಬಣ್ಣ ಮುಟ್ಟುದ್ರೆ ಕೈ ಬಿದ್ದೋಗೋದಾದ್ರೆ ಗ್ವಾಡೆಗೆ ಸುಣ್ಣ ಬಳ್ಯೋರ್ ಕೈಯೆಲ್ಲಾ ಎಲ್ಲಿರ್ಬೇಕಿತ್ತು?" ಅಂದಳು. ಆದರೆ ಹಾಲಿನ ಲೋಟ ಬಾಯಿಗೆ ಹಿಡಿಯುವವಳೂ ಅವಳೇ.

ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೊದಲು ಹೊಳೆದದ್ದು ಆಚಾರ್ರಿಗೆ ಹೇಳಬೇಕು ಎನ್ನುವುದು. ಅವರೂ ದಿನವೆಲ್ಲ ನೆಕ್ಕುವವರು. ಹೊಳೆನರಸೀಪುರಕ್ಕೆ ಹೋದೆ. ಜಗುಲಿಯಲ್ಲಿ ಕೂತು ಯಾವುದೋ ಮದುವೆಯ ಪೆಟ್ಟಿಗೆಗೆ ಬಳ್ಳಿ ಬರೆಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿದರು. ಕುಂಚವನ್ನು ಬಾಯಿಗೆ ಹಾಕಿ, ನಿಧಾನವಾಗಿ ಹೊರಗೆಳೆದು, ತುದಿಯನ್ನು ಬೆಳಕಿಗೆ ಹಿಡಿದು ನೋಡಿ, ಒಂದೇ ಎಳೆತಕ್ಕೆ ಬಳ್ಳಿಯ ಸುರುಳಿ ಮುಗಿಸಿದರು. ಎಪ್ಪತ್ತು ದಾಟಿದ ಕೈ, ಕೂದಲೆಳೆಯಷ್ಟೂ ಅಲುಗಲಿಲ್ಲ.

"ನಿಮ್ಮಪ್ಪ ಉಟ್ಟದಾಗಿಂದ ನೆಕ್ತಾ ಇವ್ನಿ ಕಣ್ಲಾ. ನೋಡು, ಏನಾಗೈತೆ ನಂಗೆ? ಡಾಕ್ಟ್ರು ಬೋಲ್ಡು ಬರೀತಾನಾ?"

"ನನ್ನ ಒಸಡಿನಲ್ಲಿ ಗೆರೆ ತೋರಿಸಿದ್ರು ಆಚಾರ್ರೆ."

"ಗೆರೆ ಎಲ್ಲಾರ್ ಒಳಗೂ ಇರ್ತದೆ. ತಾ ಕೈಯ ಇಲ್ಲಿ." ನನ್ನ ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮರದ ಪಟ್ಟಿ ಬಿಚ್ಚಿದರು. ಒಂದೊಂದೇ ಬೆರಳು ಎತ್ತಿ ಬಿಟ್ಟು ನೋಡಿದರು. "ಎತ್ತು."

"ಆಗಲ್ಲ."

"ಎತ್ಲಾ."

"ಆಗಲ್ಲ ಆಚಾರ್ರೆ."

ಬೆರಳುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರು. "ಕಲುಸ್ಕೊಟ್ಟೋನು ನಾನೇಯ" ಅಂದರು. ಅಷ್ಟೇ. ಮತ್ತೆ ಪಟ್ಟಿ ಕಟ್ಟಿದರು, ನನ್ನ ಹೆಂಡತಿಗಿಂತ ಅಚ್ಚುಕಟ್ಟಾಗಿ. ಎದ್ದು ಹೊರಟಾಗ ಹಿಂದಿನಿಂದ ಕೂಗಿದರು: "ದ್ಯಾವ್ರು ಎಲ್ಡ್ ಕೈ ಕೊಟ್ಟವ್ನೆ. ಒಂದು ಉಣ್ಣಾಕೆ, ಒಂದು ತೊಳ್ಯಾಕೆ. ಉಣ್ಣೋದು ಓಯ್ತು ಅಂದ್ರೆ ತೊಳ್ಯೋದ್ರಲ್ಲಿ ಬರಿ, ಓಗು!" ನಗುತ್ತಿದ್ದರೋ ಇಲ್ಲವೋ, ಬೆನ್ನು ತಿರುಗಿಸಿದ್ದವನಿಗೆ ತಿಳಿಯಲಿಲ್ಲ.

ಬೈಗುಳದ ಹಾಗೆ ಹೇಳಿದ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಎಡಗೈಯಲ್ಲಿ ಬರೆಯಬಹುದು, ಆದರೆ ಏನನ್ನು? ನಮ್ಮ ಕಡೆ ಎಡಗೈಯಲ್ಲಿ ಬರೆದ ದೇವರ ಪಟವನ್ನು ಯಾರು ಮನೆಯೊಳಗೆ ತರುತ್ತಾರೆ? ಎಡಗೈಯಲ್ಲಿ ಬರೆದ ಬೋರ್ಡಿನ ಕೆಳಗೆ ಯಾವ ಶೆಟ್ಟರು ಅಂಗಡಿ ಬಾಗಿಲು ತೆಗೆಯುತ್ತಾರೆ? ಸತ್ತ ಯಜಮಾನರ ಮುಖವನ್ನಂತೂ ಕೇಳುವುದೇ ಬೇಡ. ನಾನು ಇದುವರೆಗೆ ಬರೆದದ್ದರಲ್ಲಿ ಯಾವ ಒಂದನ್ನೂ ಆ ಕೈಯಲ್ಲಿ ಬರೆಯುವಂತಿರಲಿಲ್ಲ. ಹಾಗಾಗಿ ಯಾರಿಗೂ ಬೇಡದ್ದನ್ನು ಬರೆಯುವುದೊಂದೇ ಉಳಿಯಿತು. ನನ್ನ ಸ್ವಂತದ್ದು ಶುರುವಾದದ್ದು ಹೀಗೆ. ಇದರಲ್ಲಿ ಧೈರ್ಯವೇನೂ ಇರಲಿಲ್ಲ.

ಸಫೇದದ ಡಬ್ಬ ಮುಚ್ಚಿತ್ತು. ಮನೆಯಲ್ಲಿ ಕೆಮ್ಮಣ್ಣಿತ್ತು, ಸುಣ್ಣವಿತ್ತು, ಒಲೆಯ ಮಸಿಯಿತ್ತು. ಹಿತ್ತಿಲ ಕಡೆಯ ಗೋಡೆಯ ಮೇಲೆ ಎಡಗೈಯಿಂದ ಎದುರಿಗಿದ್ದುದನ್ನು ಬರೆದೆ. ಎದುರಿಗಿದ್ದುದು ಇಳಿಬಿದ್ದ ಬಲಗೈ. ಗೆರೆ ನಡುಗಿತು, ಒಡೆಯಿತು, ಎಲ್ಲೋ ಹೋಗಿ ಸೇರಿತು. ಹದಿನೈದು ವರ್ಷ ತಪ್ಪದೆ ಎಳೆದ ನನ್ನ ಗೆರೆಯಲ್ಲಿ ಇಲ್ಲದ್ದು ಏನೋ ಅದರಲ್ಲಿತ್ತು. ಕೈ ಬಿದ್ದಿರುವುದು ಅದರಲ್ಲಿ ಕಂಡಿತು. ಇನ್ನೊಂದು ಬರೆದೆ. ಸಂಜೆಯ ಹೊತ್ತಿಗೆ ಗೋಡೆಯ ತುಂಬ ಕೆಂಪು ಕೈಗಳು.

ಅವ್ವ ಹಿತ್ತಿಲಿಗೆ ಬಂದವಳು ಕೂಗಿಕೊಂಡಳು. "ಮಾಸ್ತಿ ಕೈ! ಮುತ್ತೈದೆ ಇರೋ ಮನೆ ಗ್ವಾಡೆ ಮ್ಯಾಲೆ ಮಾಸ್ತಿ ಕೈ ಬರ್ದವ್ನಲ್ಲೋ!"

ನಮ್ಮ ಊರುಗಳ ಅಂಚಿನಲ್ಲಿ ಮಾಸ್ತಿ ಕಲ್ಲುಗಳಿವೆ. ಗಂಡನ ಜೊತೆ ಚಿತೆಯೇರಿದವಳ ನೆನಪಿಗೆ ನಿಲ್ಲಿಸಿದ ಕಲ್ಲು. ಅದರಲ್ಲಿ ಬಳೆ ತೊಟ್ಟ ಒಂದು ಕೈ ಮಾತ್ರ ಇರುತ್ತದೆ. ಅವ್ವನ ಕಣ್ಣಿಗೆ ನಾನು ನನ್ನ ಸಾವನ್ನೂ ಗೌರಳ ಚಿತೆಯನ್ನೂ ಒಟ್ಟಿಗೇ ಬರೆದಿಟ್ಟಿದ್ದೆ. ಸಗಣಿ ಕಲಸಿ ತಂದು ಗೋಡೆ ಸಾರಿಸತೊಡಗಿದಳು. ನಾನು ಬಾಯಿಗೆ ಬಂದದ್ದು ಅಂದೆ. ಆಗ ಗೌರ ಇಬ್ಬರ ನಡುವೆ ಬಂದು ಗೋಡೆಯನ್ನೇ ನೋಡುತ್ತ ನಿಂತಳು.

"ಅತ್ತೆ, ಮಾಸ್ತಿ ಕೈ ಮ್ಯಾಕ್ ಎತ್ತಿರ್ತದೆ. ಇದು ಕೆಳಕ್ ಬಿದ್ದದೆ. ಇದು ಇವ್ರ್ ಕೈಯಿ."

ಅವ್ವ ಕೈಯಲ್ಲಿ ಸಗಣಿ ಹಿಡಿದೇ ಹತ್ತಿರ ಹೋಗಿ ನೋಡಿದಳು. ಗೋಡೆಯನ್ನು ನೋಡಿದಳು, ನನ್ನ ಕೈಯನ್ನು ನೋಡಿದಳು. "ಇಂಗೇ ಐತಾ ಅದು?" ಎಂದು ಕೇಳಿದಳು. ಅಷ್ಟು ದಿನ ಎಣ್ಣೆ ಹಚ್ಚಿ ನೀವಿದವಳು ಅದನ್ನು ಅವತ್ತೇ ಮೊದಲು ಕಂಡ ಹಾಗೆ ಕೇಳಿದಳು. ಅರ್ಧ ಗೋಡೆ ಸಾರಿಸಿಯಾಗಿತ್ತು. ಉಳಿದರ್ಧ ಹಾಗೇ ಬಿಟ್ಟಳು. ಆದರೆ ಮಾರನೆಯ ಬೆಳಿಗ್ಗೆ ಆ ಗೋಡೆಯ ಬುಡದಲ್ಲಿ ಅರಿಸಿನ ಕುಂಕುಮ ಇತ್ತು. ಯಾವುದಕ್ಕೂ ಇರಲಿ ಎಂದು.

ಆಮೇಲೆ ನಿಂತಲ್ಲಿ ನಿಲ್ಲಲಿಲ್ಲ. ಹಾಸನಕ್ಕೆ ಔಷಧಿಗೆ ಹೋದಾಗೆಲ್ಲ ನಾಟಕದ ಹಳೆಯ ಕರಪತ್ರಗಳನ್ನೂ ಇದ್ದಿಲನ್ನೂ ಒಯ್ಯುತ್ತಿದ್ದೆ. ಕರಪತ್ರದ ಹಿಂಬದಿಯಲ್ಲಿ ಬೆಂಚಿನವರನ್ನು ಬರೆಯುತ್ತಿದ್ದೆ. ಮುಖಕ್ಕೆ ಮೂಗು ಕೂರುತ್ತಿರಲಿಲ್ಲ, ಕಣ್ಣು ಎಲ್ಲೋ ಹೋಗುತ್ತಿತ್ತು. ಅವಸರ. ಇವತ್ತಿನದು ನಿನ್ನೆಯದರ ಹಾಗಿದ್ದರೆ ಹರಿದುಬಿಡುತ್ತಿದ್ದೆ. ಬಾಗೂರಿನ ಮುದುಕರು ತಮ್ಮ ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಇದು ನಾನಾ? ನನ್ ಮೂತಿ ಇಂಗೈತಾ ಸಾ?"

"ಎಡಗೈದು, ಯಜಮಾನ್ರೆ. ತಪ್ಪಾಗಿದೆ."

"ಮೂತಿ ತಪ್ಪಾಗೈತೆ. ಕಾಯ್ತಾ ಕುಂತಿರಾದು ಸರ್ಯಾಗೈತೆ" ಅಂದರು. ಮಡಿಸಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಬೋರ್ಡು ನೋಡಿ ಯಾರೂ ನನಗೆ ಅಂಥ ಮಾತು ಹೇಳಿರಲಿಲ್ಲ. ಆ ವಾರವೆಲ್ಲ ನಾನು ಬಲಗೈಯನ್ನು ಎತ್ತಿ ಬಿಟ್ಟು ನೋಡಲಿಲ್ಲ, ಅಥವಾ ಕಡಿಮೆ ನೋಡಿದೆ.

ಇಲ್ಲಿ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಬಿಳಿ ಬಣ್ಣ ಬಿಟ್ಟ, ಮಣ್ಣಿಗೆ ಬಂದ, ಗುಣವಾದ. ಕೆಲವರಿಗೆ ಹಾಗೇ ಹೇಳಿದ್ದೇನೆ. ಡಬ್ಬವನ್ನು ಹೇಮಾವತಿ ಹೊಳೆಗೆ ಎಸೆದೆ ಎಂದೂ ಸೇರಿಸಿದ್ದೇನೆ. ಎಸೆಯಲಿಲ್ಲ. ಅಟ್ಟದ ಮೇಲೆ ಇತ್ತು. ಕೆಮ್ಮಣ್ಣಿನ ಕೈಗೆ ಒಂದು ಕಡೆ ಬೆಳಕು ಬೇಕಾಗಿತ್ತು, ಸುಣ್ಣದ ಬಿಳಿ ಒಣಗಿದರೆ ಮಂಕು. ಒಂದೇ ಒಂದು ಚುಕ್ಕೆ ಎಂದುಕೊಂಡು ಡಬ್ಬ ಇಳಿಸಿದೆ. ಎಡಗೈ ಕುಂಚವನ್ನು ನೇರ ಬಾಯಿಗೆ ತಂದಿತು. ಆ ಕೈಗೆ ಯಾರೂ ಕಲಿಸಿರಲಿಲ್ಲ. ಗೊತ್ತಿದ್ದೂ ಗೊತ್ತಿದ್ದೂ ನೆಕ್ಕಿದೆ. ಒಂದು ದಿನವಲ್ಲ.

ಗೌರ ಅದನ್ನು ಕಂಡಳು. ಬೈಯಲಿಲ್ಲ. ಹತ್ತಿರ ಬಂದು ಕೂತು, "ಆ ಕೈಯೂ ಬಿದ್ದೋದ್ರೆ ನಾನು ಎಷ್ಟೂಂತ ತಿನ್ಸಲಿ?" ಎಂದು ಕೇಳಿದಳು. ಉತ್ತರ ಬೇಕಾಗಿಯೇ ಕೇಳಿದ್ದಳು. ಅವತ್ತು ಬಿಟ್ಟೆ ಎಂದು ಬರೆಯಬೇಕೆನಿಸುತ್ತದೆ. ಬಿಟ್ಟೆ, ಎಂಟು ದಿನ. ಮತ್ತೆ ಹಿಡಿದೆ. ಅಷ್ಟರಲ್ಲಿ ಯುದ್ಧ ಶುರುವಾಗಿ, ಸ್ವಲ್ಪ ಸ್ವಲ್ಪವಾಗಿ ಹಾಸನದ ಅಂಗಡಿಗೆ ಹೊರದೇಶದ ಬಣ್ಣ ಬರುವುದೇ ನಿಂತಿತು. ನನ್ನ ಡಬ್ಬದ ತಳ ಕಂಡಿತು. ಹೊಸದು ಕೇಳಲು ಹೋದೆ; ಅಂಗಡಿಯವರು ಕೈ ಆಡಿಸಿದರು. ನನ್ನನ್ನು ಆ ಬಿಳಿಯಿಂದ ಬಿಡಿಸಿದ್ದು ಡಾಕ್ಟರಲ್ಲ, ಹೆಂಡತಿಯಲ್ಲ, ನಾನಂತೂ ಅಲ್ಲ.

ಕೈ ಎದ್ದ ದಿನ ಅಂತ ಒಂದಿಲ್ಲ. ಅವ್ವನ ಪ್ರಕಾರ ಅವಳ ಎರಡನೆಯ ಹರಕೆ ತೀರಿದ ಸೋಮವಾರ. ಗೌರಳ ಪ್ರಕಾರ, ಊಟಕ್ಕೆ ಕೂತಾಗ ನಾನು ಬಲಗೈಯಿಂದ ನೊಣ ಓಡಿಸಿದೆ, ಅವಳು ನೋಡಿದಳು, ನಾನು ನೋಡಲಿಲ್ಲ. ನನಗೆ ನೆನಪಿರುವುದು ಹೆಬ್ಬೆರಳು. ಒಂದು ಮಧ್ಯಾಹ್ನ ಎಡಗೈಯಿಂದ ಬಲಗೈಯ ಚಿತ್ರ ಬರೆಯುತ್ತಿದ್ದೆ. ನೋಡಿ ಬಗ್ಗಿ ಬರೆದು ಮತ್ತೆ ನೋಡುವಷ್ಟರಲ್ಲಿ ಹೆಬ್ಬೆರಳು ಇದ್ದ ಜಾಗದಲ್ಲಿ ಇರಲಿಲ್ಲ. ಚಿತ್ರ ತಪ್ಪಿತು ಎಂದು ಸಿಟ್ಟಾಗಿ ಒರೆಸಿ ಮತ್ತೆ ಬರೆದೆ. ಚಿತ್ರ ತಪ್ಪಿರಲಿಲ್ಲ, ಬೆರಳು ಅಲುಗಿತ್ತು ಎಂದು ಹೊಳೆದದ್ದು ಯಾವಾಗ? ಆಗಲೇ ಅಂತೂ ಅಲ್ಲ.

ಬೆರಳುಗಳು ಬರಲು ವರ್ಷವೇ ಹಿಡಿಯಿತು. ನಡುವಿನ ಎರಡು ಇನ್ನೂ ಪೂರ್ತಿ ಬಂದಿಲ್ಲ. ಮತ್ತೆ ಬೋರ್ಡು ಬರೆಯುತ್ತೇನೆ, ಬಲಗೈಯಲ್ಲಿ; ಅಕ್ಷರ ಮೊದಲಿನಷ್ಟು ಚೊಕ್ಕವಿಲ್ಲ ಎಂದು ಹಳೆಯ ಗಿರಾಕಿಗಳು ಮುಖದ ಮೇಲೆಯೇ ಹೇಳುತ್ತಾರೆ. ಕುಂಚದ ತುದಿಯನ್ನು ಒದ್ದೆ ಬಟ್ಟೆಯಿಂದ ಕೂರಿಸುತ್ತೇನೆ. ಮಧ್ಯಾಹ್ನದ ಮೇಲೆ ಎಡಗೈಯದು. ಅದು ಬರೆದದ್ದನ್ನು ಯಾರೂ ಕೊಳ್ಳುವುದಿಲ್ಲ, ಅದಕ್ಕೆ ಯಾರ ಮಾತನ್ನೂ ಕೇಳುವ ಅಭ್ಯಾಸವಿಲ್ಲ. ಹೊಟ್ಟೆಪಾಡು ಒಂದು ಕೈಯಲ್ಲಿ, ನಾನು ಇನ್ನೊಂದು ಕೈಯಲ್ಲಿ ಎಂದು ಎಲ್ಲೋ ಹೇಳಿದ್ದೆ. ಅದೂ ತೀರ ಚೆಂದವಾಯಿತು. ಕೆಲವು ದಿನ ಎಡಗೈ ಕೂಡ ಸುಳ್ಳು ಬರೆಯುತ್ತದೆ.

ಪುಟ್ಟಾಚಾರ್ರು ಕಡೆಯವರೆಗೂ ನೆಕ್ಕಿಕೊಂಡೇ ಬರೆದರು. ಎಂಬತ್ತರ ಹತ್ತಿರ, ಮಲಗಿದ್ದಲ್ಲೇ ಹೋದರು. ಅವರ ಕೈ ಬೀಳಲಿಲ್ಲ.

ಈಚೆಗೆ ಒಂದು ದಿನ ಕಟ್ಟಾಯದಿಂದ ಒಬ್ಬರು ಹುಡುಕಿಕೊಂಡು ಬಂದರು. ಮೂವತ್ತು ಮೂವತ್ತೈದರವರು. ಗಾಡಿ, ನೊಗ, ಬಾಗಿಲುಗಳಿಗೆ ಬಣ್ಣ ಹಾಕುವ ಕೆಲಸ. ಟವಲಿನೊಳಗೆ ಬಲಗೈ ಮುಚ್ಚಿಕೊಂಡಿದ್ದರು. ಟವಲು ತೆಗೆದರು. ನಾನು ಏನೂ ಕೇಳಬೇಕಾಗಲಿಲ್ಲ.

"ನಿಮ್ದು ಎದ್ದೈತೆ ಅಂದ್ರು ಸಾ. ಏನ್ ಮಾಡುದ್ರಿ?"

ಎಲ್ಲ ಹೇಳಿದೆ. ಹಾಸನದ ಡಾಕ್ಟರು, ಕಹಿ ಸೀಸೆ, ಹಾಲು, ಮರದ ಪಟ್ಟಿ. ಬಾಯಿಗೆ ಕುಂಚ ಕೂಡದು. ಅವ್ವನ ಹರಕೆಯನ್ನೂ ಹೇಳಿದೆ. ಬಿಡಲು ನನಗೇನು ಅಧಿಕಾರ? ಎಡಗೈಯಲ್ಲಿ ಬರೆದದ್ದನ್ನೂ ಹೇಳಿದೆ. ಗೋಡೆಯ ಮೇಲೆ ಉಳಿದ ಕೈಗಳನ್ನು ತೋರಿಸಿದೆ. ಅವರು ತಮ್ಮ ಕೈಯನ್ನು ಅವುಗಳ ಪಕ್ಕ ಹಿಡಿದು ನೋಡಿಕೊಂಡರು.

"ಇದ್ರಲ್ಲಿ ಯಾವುದ್ರಿಂದ ಎದ್ದಿದ್ದು ಸಾ?"

"ಗೊತ್ತಿಲ್ಲಪ್ಪ. ಎಲ್ಲಾ ಒಟ್ಟಿಗೇ ನಡೀತಿತ್ತು."

"ಎಲ್ಲಾನೂವೆ ಮಾಡುದ್ರೆ ನಂದೂ ಏಳ್ತದಾ?"

ಏಳುತ್ತದೆ ಎನ್ನುವ ಮಾತು ನಾಲಿಗೆಯ ತನಕ ಬಂದಿತ್ತು. ಎದುರಿಗೆ ಅಂಥ ಮುಖವಿರುವಾಗ ಅದೇ ಬರುವುದು. ಆದರೆ ನನ್ನ ಜೊತೆ ನೆಕ್ಕಿದವರ ಕೈ ಬೀಳದೆ ಉಳಿದದ್ದೂ ಗೊತ್ತು, ನಾನಾಗಿ ಬಿಡದಿದ್ದರೂ ನನ್ನದು ಎದ್ದದ್ದೂ ಗೊತ್ತು. "ಹಾಸನಕ್ಕೆ ನಾಳೆಯೇ ಹೋಗು" ಅಂದೆ. "ಏಳಬಹುದು. ನಾನು ಹೇಳಲಾರೆ."

ಗೌರ ಮಜ್ಜಿಗೆ ತಂದು ಕೊಟ್ಟಳು. ಎಡಗೈಯಿಂದ ಕುಡಿದು, ಟವಲು ಸುತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಎದ್ದರು. ಹೋಗಿ ಎಂಟು ತಿಂಗಳಾಯಿತು. ಅವರು ಹಾಸನಕ್ಕೆ ಹೋದರೋ, ಅವರ ಕೈ ಎದ್ದಿತೋ ಇಲ್ಲವೋ, ನನಗೆ ಗೊತ್ತಿಲ್ಲ.